ಸೆಕೆಗೊಂದು ಹಾಡು: ಆಯ್ಕೆ, ಜೋಡಣೆ, ನಿರ್ವಹಣೆ

ಈ ಕೈಪಿಡಿಯನ್ನು ಪೂರ್ತಿ ಓದಿದ ಮೇಲೆಯೇ ಹಾಡು ಹಾಕತಕ್ಕದ್ದು. ಹಾಡು ಹಾಕಿಕೊಂಡು ಓದಲು ಕೂತರೆ ಎರಡೂ ಕೆಡುತ್ತವೆ. ಕಡಬ ತಾಲೂಕಿನ ಕೊಯಿಲ, ರಾಮಕುಂಜ, ಆಲಂಕಾರು ಕಡೆಯ ಹವೆಗೆ ಹೊಂದಿಸಿ ಬರೆದದ್ದಿದು. ಪುತ್ತೂರು, ಸುಳ್ಯದವರು ಸಣ್ಣಪುಟ್ಟ ತಿದ್ದುಪಡಿ ಮಾಡಿಕೊಂಡು ಬಳಸಬಹುದು. ಮಡಿಕೇರಿಯವರು ಬಳಸಿದರೆ ನಾವು ಜವಾಬ್ದಾರರಲ್ಲ. ಅವರದ್ದು ಸೆಕೆಯೇ ಅಲ್ಲ.

1. ಉತ್ಪನ್ನದ ಪರಿಚಯ

ಸೆಕೆಗಾಲದ ಹಾಡು ಅಂದರೆ ಬೇಡವೆಂದರೂ ಕಿವಿಗೆ ಬೀಳುವ ಹಾಡು. ಅದು ಆಚೆಮನೆಯ ಮದುವೆ ಚಪ್ಪರದಿಂದ ಬರುತ್ತದೆ, ಆತೂರು ಪೇಟೆಯಲ್ಲಿ ನಿಂತ ರಿಕ್ಷಾದಿಂದ ಬರುತ್ತದೆ, ಅಂಗಳದಲ್ಲಿ ಹಲಸಿನ ಹಪ್ಪಳಕ್ಕೆ ಕಾಗೆ ಬಾರದಂತೆ ಕೂರಿಸಿದ ಹುಡುಗನ ಮೊಬೈಲಿನಿಂದಲೂ ಬರುತ್ತದೆ. ಆದ್ದರಿಂದ ‘ನನಗೆ ಯಾವ ಹಾಡು ಇಷ್ಟ’ ಎಂದು ಶುರುಮಾಡಿದವರು ಇಲ್ಲೇ ಪುಸ್ತಕ ಮುಚ್ಚಬಹುದು. ಕೇಳಿಕೊಳ್ಳಬೇಕಾದ್ದು ಇಷ್ಟೆ: ಒಂದೂವರೆ ತಿಂಗಳು ಯಾವ ಹಾಡನ್ನು ಊರು ತಡೆದುಕೊಂಡೀತು?

ಹಳೆಯ ಮಾದರಿಗಳಲ್ಲಿ ಈ ತಲೆಬಿಸಿ ಇರಲಿಲ್ಲ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾದ ಮೇಲೆ ಕಾರ್ಡು ಬರೆದು ಹಾಕಿ, ಹೆಸರು ಓದುತ್ತಾರೋ ಎಂದು ಕಾದರಾಯಿತು. ಹಾಡನ್ನು ಅವರೇ ಹಾಕುತ್ತಿದ್ದರು. 1987ರಲ್ಲಿ ‘ಪ್ರೇಮಲೋಕ’ ಬಂದಾಗ ಹಂಸಲೇಖರ ಒಂದೇ ಕ್ಯಾಸೆಟ್ ಊರಿಗೆಲ್ಲ ಸಾಕಾಯಿತು. ಈಗ ಎಲ್ಲರ ಜೇಬಿನಲ್ಲೂ ಎಲ್ಲ ಹಾಡು ಇದೆ. ಅದಕ್ಕೇ ಕೈಪಿಡಿ ಬೇಕಾದದ್ದು.

2. ಬಳಕೆಯ ಅವಧಿ

ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಗೆ ಏಪ್ರಿಲ್ 10ಕ್ಕೆ ಕೊಡಿ ಏರುವಲ್ಲಿಗೆ ಹಾಡು ತಯಾರಾಗಿರಬೇಕು. ಬಿಸುವಿಗೆ ಅದು ಮಕ್ಕಳ ಬಾಯಲ್ಲಿರಬೇಕು. 17ರ ರಥೋತ್ಸವದ ಬೆಡಿಯ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲವಾದ್ದರಿಂದ ಆ ರಾತ್ರಿ ರಜೆ. ಬಳಿಕ ಮದುವೆ, ಗೃಹಪ್ರವೇಶ, ನೇಮಗಳ ನಡುವೆ ದಿನಕ್ಕೊಂದು ಸಲವಾದರೂ ಕೇಳಿಸುತ್ತ ಮೇ 24-25ರ ಪತ್ತನಾಜೆಯವರೆಗೆ ಉಳಿಯಬೇಕು. ಬೇಶ ತಿಂಗಳ ಹತ್ತಕ್ಕೆ ಯಕ್ಷಗಾನದವರು ಗೆಜ್ಜೆ ಬಿಚ್ಚುತ್ತಾರೆ, ನೇಮ ಕೋಲಗಳಿಗೆ ತೆರೆ ಬೀಳುತ್ತದೆ. ಹಾಡಿಗೂ ಅದೇ ಗಡು.

ವಿದೇಶಿ ಮಾದರಿಗಳನ್ನು ತರಿಸುವವರು ಗಮನಿಸಿ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಬೇಸಿಗೆಯ ಹಾಡುಗಳ ಪಟ್ಟಿಯನ್ನೇ ಮಾಡುತ್ತದೆ. ಆದರೆ ಅವರ ಬೇಸಿಗೆ ಶುರುವಾಗುವುದು ಮೇ ಕೊನೆಗೆ, ಮುಗಿಯುವುದು ಸೆಪ್ಟೆಂಬರಿನಲ್ಲಿ. 2017ರಲ್ಲಿ ‘ಡೆಸ್ಪಾಸಿಟೋ’ ಅಲ್ಲಿ ಮೊದಲ ಸ್ಥಾನಕ್ಕೆ ಏರಿ 16 ವಾರ ಕೂತಿತಲ್ಲ, ಆ ಏರುವ ಹೊತ್ತಿಗೆ ಇಲ್ಲಿ ಪತ್ತನಾಜೆ. 1996ರಲ್ಲಿ ‘ಮಕರೆನಾ’ ಮೇಲಕ್ಕೆ ಹೋದದ್ದು ಆಗಸ್ಟಿನಲ್ಲಿ, ಅಂದರೆ ನಮ್ಮಲ್ಲಿ ಆಟಿ ತಿಂಗಳ ಮಳೆಯಲ್ಲಿ ಕಳಂಜ ಮನೆಮನೆಗೆ ಬರುವ ಕಾಲದಲ್ಲಿ. ಅಲ್ಲಿಯ ಬೇಸಿಗೆ ಹಾಡು ಇಲ್ಲಿಗೆ ಮುಟ್ಟುವಾಗ ಒದ್ದೆಯಾಗಿರುತ್ತದೆ.

3. ಬೇಕಾಗುವ ಸಾಮಗ್ರಿ

ಮೊಬೈಲ್ ಒಂದು. ತ್ರೀಫೇಸ್ ಕರೆಂಟಿಗೆ ಕಾಯುತ್ತಿರುವ ಅಡಿಕೆ ತೋಟ ಒಂದು. ಪರಿಚಯದ ರಿಕ್ಷಾದವರು ಒಬ್ಬರು. ಬೆಂಗಳೂರಿನಿಂದ ರಜೆಗೆ ಬಂದ ಮಕ್ಕಳು ಕನಿಷ್ಠ ಇಬ್ಬರು. ಏನು ಹಾಕಿದರೂ ‘ಇದೆಂತ ಪದ್ಯ’ ಅನ್ನುವ ಹಿರಿಯರು ಒಬ್ಬರು. ಕೊನೆಯದ್ದು ಪ್ರತಿ ಮನೆಯಲ್ಲೂ ಸಿಗುತ್ತದೆ, ಪ್ರತ್ಯೇಕ ಖರೀದಿಸಬೇಕಾಗಿಲ್ಲ.

4. ಆಯ್ಕೆಯ ಹಂತಗಳು

ಹಂತ 1: ಹುಟ್ಟಿದ ದಿನ ನೋಡಿ. ಸೆಕೆಯ ಹಾಡು ಸೆಕೆಯಲ್ಲಿ ಹುಟ್ಟಬೇಕೆಂದಿಲ್ಲ. ‘ಮುಂಗಾರು ಮಳೆ’ ತೆರೆಕಂಡದ್ದು 2006ರ ಡಿಸೆಂಬರ್ 29ಕ್ಕೆ. ‘ಕಿರಿಕ್ ಪಾರ್ಟಿ’ 2016ರ ಡಿಸೆಂಬರ್ 30ಕ್ಕೆ. ಎರಡೂ ಚಳಿಯಲ್ಲಿ ಹುಟ್ಟಿ ಬೇಸಿಗೆಯ ಚಪ್ಪರದಲ್ಲಿ ಬಲಿತವು. ಮದುವೆ ಮನೆಗೆ ಹಾಡು ಇಳಿಯಬೇಕಾದರೆ ಮೊದಲು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹುಡುಗರು ಕುಣಿದಿರಬೇಕು, ಅದನ್ನು ಚಿಕ್ಕಮ್ಮಂದಿರು ಮೊಬೈಲಿನಲ್ಲಿ ನೋಡಿರಬೇಕು. ಇದಕ್ಕೆ ಮೂರು ತಿಂಗಳು ಬೇಕು. ಏಪ್ರಿಲ್ ಕೊನೆಗೆ ಬಿಡುಗಡೆಯಾದ ಹಾಡು ಎಷ್ಟೇ ಚಂದವಿದ್ದರೂ ಎಳತು. ಹಲಸಿನಕಾಯಿಯನ್ನು ಬಡಿದು ನೋಡುವ ಹಾಗೆ ಹಾಡನ್ನೂ ಬಡಿದು ನೋಡಿ: ಸೋಮವಾರ ಬೆಳಗ್ಗೆ ಹಾಲು ಕೊಡಲು ಸೊಸೈಟಿಗೆ ಬಂದವರಲ್ಲಿ ಒಬ್ಬರಾದರೂ ಗುನುಗುತ್ತಿದ್ದರೆ ಬಲಿತಿದೆ ಎಂದರ್ಥ.

ಹಂತ 2: ಸಾಹಿತ್ಯದಲ್ಲಿ ಬಿಸಿಲು ಇದ್ದರೆ ತಿರಸ್ಕರಿಸಿ. ಬಿಸಿಲು ಅಪರೂಪವಾದ ದೇಶಗಳವರು ಬಿಸಿಲನ್ನು ಹಾಡಿ ಹೊಗಳುತ್ತಾರೆ. ಬೆಳಗ್ಗೆ ಎಂಟಕ್ಕೇ ಬನಿಯನ್ ಹಿಂಡುವವರಿಗೆ ಅದರ ವರ್ಣನೆ ಬೇಕಿಲ್ಲ. ನಮಗೆ ಬೇಕಾದ್ದು ಮಳೆ. 2007ರ ಬೇಸಿಗೆಯಲ್ಲಿ ಜನ ಕರವಸ್ತ್ರದಲ್ಲಿ ಕುತ್ತಿಗೆ ಒರೆಸುತ್ತ, ‘ಮುಂಗಾರು ಮಳೆ’ಗೆ ಜಯಂತ ಕಾಯ್ಕಿಣಿಯವರು ಬರೆದ ಮಾತಿಗೆ ಮನೋಮೂರ್ತಿ ಹಾಕಿದ ರಾಗದಲ್ಲಿ ಒದ್ದೆಯಾದರು. ಸೆಕೆಯ ಉತ್ತಮ ಹಾಡು ಹವಾಮಾನ ಇಲಾಖೆಗಿಂತ ಮೊದಲೇ ಮುಂಗಾರನ್ನು ತಂದುಬಿಡುತ್ತದೆ.

ಸೂಚನೆ: ಮಳೆ ಹಾಡಿಗೆ ರೀಲ್ಸ್ ಮಾಡಲು ಕೊಯಿಲದ ಜಾನುವಾರು ಫಾರ್ಮಿನ ಗುಡ್ಡಕ್ಕೆ ಏಪ್ರಿಲಿನಲ್ಲಿ ಹೋಗಬೇಡಿ. ಮಳೆಗಾಲದಲ್ಲಿ ಅದು ಸಿನಿಮಾದವರಿಗೂ ಹೊಟ್ಟೆಕಿಚ್ಚಾಗುವಷ್ಟು ಹಸಿರು. ಈಗ ಹುಲ್ಲೆಲ್ಲ ಒಣಗಿ ಹಳದಿ. ಹಾಡಿನಲ್ಲಿ ಸೋನೆ, ಬೆನ್ನ ಹಿಂದೆ ಒಣಹುಲ್ಲು, ನಡುವೆ ಕೂಲಿಂಗ್ ಗ್ಲಾಸು ಹಾಕಿದ ನೀವು. ದನಗಳೂ ತಲೆಯೆತ್ತಿ ನೋಡುವುದಿಲ್ಲ.

ಹಂತ 3: ವೇಗ ಅಳೆಯಿರಿ. ಹಾಡು ಜೋರಾಗಿ ಓಡಿದರೆ ಮಾತ್ರ ಜನ ಕುಣಿಯುತ್ತಾರೆಂಬುದು ಎ.ಸಿ. ಹಾಲಿನವರ ತಿಳಿವಳಿಕೆ. ಜಗತ್ತನ್ನೇ ಕುಣಿಸಿದ ‘ಮಕರೆನಾ’ದಲ್ಲಿ ನಿಮಿಷಕ್ಕೆ ಸುಮಾರು 103 ತಾಳ, ‘ಡೆಸ್ಪಾಸಿಟೋ’ದಲ್ಲಿ 89. ಬೆವರುವ ಮನುಷ್ಯನಿಗೆ ಅಷ್ಟೇ ಹಿತ. ಪರೀಕ್ಷೆಗೆ ತೋಟಕ್ಕೆ ಇಳಿಯಿರಿ. ತ್ರೀಫೇಸ್ ಬಂದ ಕೂಡಲೇ ಸ್ಪ್ರಿಂಕ್ಲರ್ ಟಿಕ್ ಟಿಕ್ ಎಂದು ಸುತ್ತಲು ಶುರುಮಾಡುತ್ತದೆ, ಸೋಗೆಗೆ ನೀರು ಬಡಿದಾಗ ಒಮ್ಮೆ ಸರ್ರೆನ್ನುತ್ತದೆ. ಈ ಟಿಕ್ಕಿನ ಮೇಲೆ ಹಾಡನ್ನು ಇಟ್ಟು ನೋಡಿ. ಕೂತರೆ ಸರಿ. ಹಾಡು ಸ್ಪ್ರಿಂಕ್ಲರನ್ನು ಹಿಂದೆ ಹಾಕಿ ಓಡಿದರೆ ಅದು ಜಿಮ್ಮಿಗೆ, ಮಂಗಳೂರಿಗೆ ಕಳಿಸಿ.

ಹಂತ 4: ಭಾಷೆಯ ಬಗ್ಗೆ ಹಟ ಬೇಡ. ಇಲ್ಲಿ ಮನೆಯಲ್ಲಿ ತುಳುವೋ ಬ್ಯಾರಿಯೋ ಅರೆಭಾಷೆಯೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಟಿ.ವಿ.ಯಲ್ಲಿ ಹಿಂದಿ, ಕಾಸರಗೋಡಿನ ನೆಂಟರಲ್ಲಿ ಮಲಯಾಳ. ಒಂದೇ ಭಾಷೆಯವರಿಗೆ ಹಿಡಿಸಿದ ಹಾಡು ಊರಿನ ಹಾಡಾಗದು. 2024ರ ಬಿಸುವಿನ ಹೊತ್ತಿಗೆ, ಏಪ್ರಿಲ್ 11ಕ್ಕೆ, ‘ಆವೇಶಂ’ ಬಂತು. ಕತೆ ನಡೆಯುವುದು ಬೆಂಗಳೂರಿನಲ್ಲಿ, ಮಾತು ಮಲಯಾಳ, ಸುಶಿನ್ ಶ್ಯಾಮ್ ಸಂಗೀತದ ‘ಇಲ್ಯುಮಿನಾಟಿ’ ಹಾಡಿಗೆ ಗಡಿಯ ಈಚೆಗೂ ಅರ್ಥ ಬೇಕಾಗಲಿಲ್ಲ. ಅರ್ಥ ಗೊತ್ತಿಲ್ಲದ ಹಾಡಿಗೆ ಇನ್ನೊಂದು ಅನುಕೂಲ: ಹಿರಿಯರು ಬೈಯಲಾರರು.

ಸಂಗೀತ ನಿರ್ದೇಶಕರು ನಮ್ಮ ಜಿಲ್ಲೆಯವರಾದರೆ ಐದು ಕೃಪಾಂಕ ಕೊಡಬಹುದು. ‘ಜನುಮದ ಜೋಡಿ’ಯ ವಿ. ಮನೋಹರ್ ವಿಟ್ಲದವರು, ‘ಎ’ ಚಿತ್ರದಿಂದ ಬಂದ ಗುರುಕಿರಣ್ ಮಂಗಳೂರಿನವರು. ಆದರೆ ಕೃಪಾಂಕದಿಂದ ಪಾಸಾದ ಹಾಡನ್ನು ಎರಡನೇ ದಿನ ಯಾರೂ ಕೇಳುವುದಿಲ್ಲ.

ಹಂತ 5: ರಿಕ್ಷಾ ಪರೀಕ್ಷೆ. ಸರಕಾರಿ ಬಸ್ಸಿನಲ್ಲಿ ಪರೀಕ್ಷೆ ಮಾಡುವಂತಿಲ್ಲ. ಮೊಬೈಲಿನಲ್ಲಿ ಗಟ್ಟಿಯಾಗಿ ಹಾಡು ಹಾಕಿದರೆ ಇಳಿಸಬಹುದೆಂದು ಕೆಎಸ್‌ಆರ್‌ಟಿಸಿ 2021ರಲ್ಲೇ ಹೇಳಿದೆ. ಹಾಗಾಗಿ ರಿಕ್ಷಾ. ಆತೂರಿನಿಂದ ಆಲಂಕಾರಿಗೆ ಹಿಂದೆ ಮೂವರು, ಮುಂದೆ ಒಂದು ಗೋಣಿ ಹಿಂಡಿ. ಹಾಡು ಶುರುವಾದಾಗ ಡ್ರೈವರ್ ವಾಲ್ಯೂಮ್ ಏರಿಸಿದರೆ ಒಂದು ಅಂಕ. ಫೋನ್ ಬಂದಾಗ ಹಾಡು ನಿಲ್ಲಿಸದೆ ‘ಹಲೋ ಹಲೋ’ ಎಂದು ಕಿರುಚಿದರೆ ಎರಡು. ಇಳಿಯುವ ಜಾಗ ಬಂದರೂ ಪಲ್ಲವಿ ಮುಗಿಯಲೆಂದು ಪ್ರಯಾಣಿಕರು ಚಿಲ್ಲರೆ ಹುಡುಕುವ ನಾಟಕವಾಡಿದರೆ ಪೂರ್ಣಾಂಕ.

ಹಂತ 6: ಮೆಹಂದಿ ಪರೀಕ್ಷೆ. ಇದೇ ಅಂತಿಮ. ಮದುವೆಯ ಹಿಂದಿನ ರಾತ್ರಿ, ಅಂಗಳದಲ್ಲಿ ಶಾಮಿಯಾನ, ಒಂದು ಬದಿಯಲ್ಲಿ ಕೋಳಿಸುಕ್ಕದ ಸಾಲು, ಇನ್ನೊಂದು ಬದಿಯಲ್ಲಿ ಲ್ಯಾಪ್‌ಟಾಪ್ ಹಿಡಿದ ಸೌಂಡ್ಸಿನ ಹುಡುಗ. ಮದುಮಗಳ ಮಾವ ಬೆವರು ಒರೆಸುತ್ತ ಹೋಗಿ ಕೇಳುತ್ತಾರೆ:

‘ಎಂತ ಮಾರಾಯ, ಒಂದೇ ಪದ್ಯ ಎಷ್ಟು ಸಲ ಹಾಕುದು?’

‘ಜನ ಕೇಳ್ತಾರೆ ಅಣ್ಣ.’

‘ಮತ್ತೆ ನಾವು ಜನ ಅಲ್ವಾ?’

‘ನೀವು ಮನೆಯವರಲ್ವಾ ಅಣ್ಣ.’

ಮಾವನಿಗೆ ಇದಕ್ಕೆ ಉತ್ತರವಿಲ್ಲ. ಕೈಪಿಡಿಯಲ್ಲೂ ಇಲ್ಲ. ನೀವು ಮಾಡಬೇಕಾದ್ದು, ಪೆಡೆಸ್ಟಲ್ ಫ್ಯಾನಿನ ಎದುರು ಕೆಂಪು ಕುರ್ಚಿಯಲ್ಲಿ ಕೂತ ಅಜ್ಜಿಯ ಪಕ್ಕಕ್ಕೆ ಹೋಗಿ ಅವರ ಪಾದ ನೋಡುವುದು. ಕೈ ತಟ್ಟಿದರೆ ಲೆಕ್ಕಕ್ಕಿಲ್ಲ, ಅದು ಮರ್ಯಾದೆಗೆ. ತಲೆ ಅಲ್ಲಾಡಿಸಿದರೆ ನಿದ್ದೆಯೂ ಇರಬಹುದು. ಹವಾಯಿ ಚಪ್ಪಲಿಯ ಬಾರಿನಾಚೆ ಹೆಬ್ಬೆರಳು ಮೇಲೆ ಕೆಳಗೆ ಆಡುತ್ತಿದ್ದರೆ, ಮುಖ ಮಾತ್ರ ‘ಇದೆಂತ ಗಲಾಟೆ’ ಅನ್ನುವಂತಿದ್ದರೆ, ಆಯ್ಕೆ ಮುಗಿಯಿತು.

5. ಎಚ್ಚರಿಕೆಗಳು

ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಬಳಸಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಒಳ್ಳೆಯ ಹಾಡಿನ ಬೇಡಿಕೆ ಬರುವುದು ಸಹಜ, ಮೊದಲೇ ಹಾಕಿಬಿಡಿ.

‘ಕಾಂತಾರ’ದ ದೈವದ ಹಾಡನ್ನು ಕುಣಿಯುವುದಕ್ಕೆ ಹಾಕಬೇಡಿ. ಯಾರೋ ಒಬ್ಬ ಹುಡುಗ ಕೂಗು ಹಾಕಲು ಹೊರಡುತ್ತಾನೆ, ಆಮೇಲೆ ಹಿರಿಯರು ಎದ್ದು ನಿಲ್ಲುತ್ತಾರೆ. ಅದೇ ಸಿನಿಮಾದ ಪ್ರೇಮಗೀತೆಗೆ ಅಡ್ಡಿಯಿಲ್ಲ.

6. ದೋಷ ಮತ್ತು ಪರಿಹಾರ

ಹಾಡಿನ ನಡುವೆ ಕರೆಂಟು ಹೋಯಿತು. ಇದು ದೋಷವಲ್ಲ, ಪುಕ್ಕಟೆ ಪರೀಕ್ಷೆ. ಕತ್ತಲಲ್ಲಿ ಜನ ಉಳಿದ ಭಾಗವನ್ನು ತಾವೇ ಹಾಡಿ ಮುಗಿಸಿದರೆ ಹಂತ 1ರಿಂದ 6ರವರೆಗೆ ಎಲ್ಲ ಮನ್ನಾ.

ಒಂದೇ ಬೇಸಿಗೆಗೆ ಎರಡು ಹಾಡು ಬಂದಿವೆ. 2017ರಲ್ಲಿ ಹೀಗಾಯಿತು. ‘ಕಿರಿಕ್ ಪಾರ್ಟಿ’ಯ ಬೆಳಗ್ಗೆ ಎದ್ದು ಮುಖ ನೋಡುವ ಹಾಡು ಇನ್ನೂ ಇಳಿದಿರಲಿಲ್ಲ, ಮಾರ್ಚ್ 24ಕ್ಕೆ ‘ರಾಜಕುಮಾರ’ ಬಂದು ಬೊಂಬೆಯ ಹಾಡು ಏರಿತು. ಎರಡನ್ನೂ ಹಾಡಿದವರು ವಿಜಯ್ ಪ್ರಕಾಶ್ ಆದ್ದರಿಂದ ಜಗಳವನ್ನು ಅವರ ಗಂಟಲಿಗೇ ಬಿಡಲಾಯಿತು. ಮೊದಲನೆಯದ್ದು ಮೆಹಂದಿಗೆ, ಎರಡನೆಯದ್ದು ಮರುದಿನ ಊಟದ ಪಂಕ್ತಿಗೆ ಎಂದು ಹಂಚಿಕೊಳ್ಳಿ.

ಬೆಂಗಳೂರಿನ ಮಕ್ಕಳು ಬೇರೆಯೇ ಹಾಡು ತಂದಿದ್ದಾರೆ. ವಾದಿಸಬೇಡಿ. ಒಂದು ವಾರ ಹೊಳೆಯಲ್ಲಿ ಈಜಲು ಬಿಡಿ. ಊರಿನ ಮಕ್ಕಳು ಅವರ ಹಾಡು ಕಲಿತರೆ ಪಟ್ಟಿಗೆ ಸೇರಿಸಿ, ಅವರು ಊರಿನದ್ದು ಕಲಿತರೆ ರಜೆ ಮುಗಿದು ಹೋಗುವಾಗ ಹಪ್ಪಳದ ಕಟ್ಟಿನ ಜೊತೆ ಅದೂ ಬೆಂಗಳೂರಿಗೆ ಹೋಗುತ್ತದೆ.

ಹಾಡು ತಲೆಯಿಂದ ಇಳಿಯುತ್ತಿಲ್ಲ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು 2015ರಲ್ಲಿ ಇದಕ್ಕೊಂದು ಮದ್ದು ಪ್ರಕಟಿಸಿದರು: ಚೂಯಿಂಗ್ ಗಮ್ ಜಗಿಯುವುದು. ಬಾಯಿ ಆಡುತ್ತಿದ್ದರೆ ಮನಸ್ಸಿನೊಳಗೆ ಹಾಡಲು ಕಷ್ಟವಾಗುತ್ತದೆಯಂತೆ. ಅಡಿಕೆಯ ಊರಿನಲ್ಲಿ ಜಗಿಯುವುದಕ್ಕೆ ಏನು ಎಂದು ಕೇಳಬೇಕೇ ಎಂದು ಕವಳಕ್ಕೆ ಕೈಹಾಕಬೇಡಿ. ಒಂದು ಚಟ ಬಿಡಿಸಲು ಇನ್ನೊಂದನ್ನು ಹಿಡಿಸಿದ ಅಪವಾದ ಕೈಪಿಡಿಗೆ ಬರುತ್ತದೆ. ಸಾಂತಾಣಿ ಸಾಕು. ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿದ ಹಲಸಿನ ಬೀಜ ಕಲ್ಲಿನಷ್ಟು ಗಟ್ಟಿ. ಒಂದು ಮುಗಿಯುವಷ್ಟರಲ್ಲಿ ಪಲ್ಲವಿ, ಚರಣ ಎರಡೂ ಮರೆತಿರುತ್ತವೆ. ಹಲ್ಲಿಗೆ ನಾವು ಹೊಣೆಯಲ್ಲ.

7. ವಾರಂಟಿ

ಪತ್ತನಾಜೆಯ ಸಂಜೆಗೆ ವಾರಂಟಿ ಮುಗಿಯುತ್ತದೆ. ಆ ಬಳಿಕ ಹಾಡು ಬೇಸರ ತರಿಸಿದರೆ ಬದಲಿ ಕೊಡಲಾಗುವುದಿಲ್ಲ. ಮೂರು ವರ್ಷ ಬಿಟ್ಟು ಯಾವುದೋ ರಿಕ್ಷಾದಲ್ಲಿ ಅದೇ ಹಾಡು ಕೇಳಿ ‘ಇದು ನಮ್ಮ ತಂಗಿಯ ಮದುವೆ ವರ್ಷದ್ದು’ ಎಂದು ನಿಮಗೆ ಅನಿಸಿದರೆ ಉತ್ಪನ್ನ ಸರಿಯಾಗಿ ಕೆಲಸ ಮಾಡಿದೆ.

ಇಷ್ಟೆಲ್ಲ ಆದ ಮೇಲೂ ‘ನನಗೆ ಇಷ್ಟವಾದ ಹಾಡಿನ ಗತಿ ಏನು’ ಎಂದು ಕೇಳುವವರು ಇದ್ದೇ ಇರುತ್ತಾರೆ. ಅದನ್ನು ಆಟಿಗೆ ತೆಗೆದಿಡಿ. ಆಗ ಮದುವೆಯಿಲ್ಲ, ಮೈಕಿಲ್ಲ, ಮಾವನ ಕಾಟವಿಲ್ಲ. ಎಷ್ಟು ಜೋರಾಗಿ ಬೇಕಾದರೂ ಹಾಕಿ, ಯಾರೂ ತಕರಾರು ಮಾಡುವುದಿಲ್ಲ. ತಗಡಿನ ಮಾಡಿನ ಮೇಲೆ ಬೀಳುವ ಆ ಮಳೆಗೆ ಅದು ನಿಮಗೇ ಕೇಳಿಸುವುದಿಲ್ಲ.