ದೊಡ್ಡಾಯಿಯ ಭರಣಿಗಳು

ತವರು ಕುಮಟೆಯಲ್ಲಿ, ಗಂಡನ ಮನೆ ಹೊನ್ನಾವರ ತಾಲೂಕಿನ ಇಡಗುಂಜಿಯ ಆಸುಪಾಸಿನಲ್ಲಿ, ಹಿರಿಯ ಮಗಳನ್ನು ಕೊಟ್ಟದ್ದು ಭಟ್ಕಳದ ಕಡೆಗೆ. ಹೀಗೆ ಮೂರು ತಾಲೂಕುಗಳನ್ನು ಸೆರಗಿನ ಒಂದೇ ಗಂಟಿನಲ್ಲಿ ಕಟ್ಟಿಕೊಂಡ ವೃದ್ಧೆಯೊಬ್ಬಳು ನಮ್ಮ ಕಡೆಯ ಹವ್ಯಕ ಕುಟುಂಬಗಳಲ್ಲಿ ಇದ್ದೇ ಇರುವಳಾದುದರಿಂದ, ನಮ್ಮ ದೊಡ್ಡಾಯಿಯನ್ನು ಕುರಿತ ಈ ಬರಹವನ್ನು ಓದಿ, ತಮ್ಮ ಮನೆಯವಳನ್ನೇ ಕದ್ದು ಬರೆದನೆಂದು ಯಾರಾದರೂ ದೂರಿದಲ್ಲಿ ನನ್ನ ಬಳಿ ಸಮಾಧಾನವಿಲ್ಲ.

ವೈಕುಂಠ ಸಮಾರಾಧನೆಯ ಪತ್ರಿಕೆಯಲ್ಲಿ ವಯಸ್ಸನ್ನು ಕಾಣಿಸಬೇಕಾಗಿ ಬಂದಾಗ ಜಗಲಿಯ ಮೇಲೆ ಅರ್ಧ ದಿನದ ವಾಗ್ವಾದ ನಡೆಯಿತು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವಾದಾಗ ತಾನಿನ್ನೂ ತೊಟ್ಟಿಲಿನಲ್ಲಿದ್ದೆನೆಂದು ಆಕೆ ಹಿರಿಯ ಮಗನಿಗೆ ಹೇಳಿದ್ದಳು; ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡೇ ಆ ಸುದ್ದಿಯನ್ನು ಕೇಳಿದೆನೆಂದು ಕಿರಿಯ ಸೊಸೆಗೆ. ಸತ್ಯವೇನೆಂದರೆ, ಸೊಸೆಯಂದಿರಿಗೆ ಬುದ್ಧಿ ಹೇಳುವಾಗ ತೊಂಬತ್ತಾಗಿರುತ್ತಿದ್ದ ಆ ವಯಸ್ಸು, ಇಡಗುಂಜಿಯ ತೇರಿಗೆ ಹೊರಡುವಾಗ ಎಪ್ಪತ್ತಕ್ಕಿಳಿಯುತ್ತಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರನ್ನು ಸೇರಿದ ಮಹತ್ವದ ಘಟನೆಯಿಂದಲಾದರೂ ಲೆಕ್ಕ ಹಿಡಿಯೋಣವೆಂದು ಹಿಂದೊಮ್ಮೆ ಕೇಳಿದ್ದಕ್ಕೆ, ಅಂದೂ ಆಳುಗಳಿಗೆ ಆಸರಿ ಕೊಡುವುದು ತನಗೆ ತಪ್ಪಲಿಲ್ಲವೆಂಬುದಷ್ಟೇ ಆಕೆಗೆ ನೆನಪಿತ್ತು.

ಆಕೆಯ ಶಬ್ದಭಂಡಾರದಲ್ಲಿ ಪ್ರಶಂಸೆಗೆಂದು ಇದ್ದುದು ಒಂದೇ ಮಾತು: “ಅಡ್ಡಿಲ್ಲೆ.” ಮೊಮ್ಮಗ ಇಂಜಿನಿಯರನಾದದ್ದು ಅಡ್ಡಿಲ್ಲೆ, ಕೆರೆಮನೆ ಮೇಳದ ರಾತ್ರಿಯಿಡಿಯ ಆಟ ಅಡ್ಡಿಲ್ಲೆ. ಬಾಲವಧುವಾಗಿ ದೋಣಿಯಲ್ಲಿ ಅಂಜುತ್ತ ದಾಟಿದ್ದ ಶರಾವತಿಯನ್ನು, 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ, ಭಟ್ಕಳದಿಂದ ಕುಮಟೆಗೆ ಹೋಗುತ್ತ ಎರಡು ಕಿಲೋಮೀಟರಿಗೂ ಮಿಕ್ಕ ಸೇತುವೆಯ ಮೇಲೆ ದಾಟಿಸಿದಾಗಲೂ ಅಡ್ಡಿಲ್ಲೆಯೇ. ಆದರೆ ದೋಣಿಯಾಗಿದ್ದರೆ ಅಷ್ಟರಲ್ಲಿ ಒಂದು ಕವಳ ಮುಗಿಯುತ್ತಿತ್ತೆಂಬ ಆಕ್ಷೇಪವೊಂದು ಅದಕ್ಕೆ ಅಂಟಿಕೊಂಡಿತು.

ತನ್ನ ಜನ್ಮವರ್ಷವನ್ನರಿಯದ ಈ ಮಹಾತಾಯಿಗೆ ಮೆತ್ತಿನ ಮೇಲಿನ ಅಪ್ಪೆಮಿಡಿಯ ಭರಣಿಗಳಲ್ಲಿ ಯಾವುದು ಯಾವ ವರ್ಷದ್ದು, ಯಾವ ಹೊಳೆಯಂಚಿನ ಮರದ್ದು, ಸಾಣಿಕಟ್ಟೆಯ ಉಪ್ಪು ಎಷ್ಟು ಸೇರು ಬಿದ್ದದ್ದು ಎಂಬುದೆಲ್ಲ ಕರತಲಾಮಲಕ. ಹಳೆಯದು ಮುಗಿಯದೆ ಹೊಸದನ್ನು ತೆರೆಯಕೂಡದೆಂಬುದು ಆಕೆಯ ಶಾಸನ. ಮುಗಿಯುವಷ್ಟರಲ್ಲಿ ಹೊಸದೇ ಹಳೆಯದಾಗಿರುತ್ತಿದ್ದುದರಿಂದ, ಮಿಡಿಮಾವಿನ ಸೀಮೆಯಲ್ಲಿ ಹುಟ್ಟಿಯೂ ಆ ವರ್ಷದ ಉಪ್ಪಿನಕಾಯಿಯ ರುಚಿಯನ್ನು ನಾವು ನೋಡಿದ್ದು ಪರರ ಮನೆಯ ಮದುವೆಗಳಲ್ಲಿ ಮಾತ್ರ. ಭೂಮಿಯ ಮೇಲೆ ಇದಕ್ಕಿಂತ ನ್ಯಾಯಸಮ್ಮತವಾದ ದಬ್ಬಾಳಿಕೆಯನ್ನು ನಾನು ಕಂಡಿಲ್ಲ.

ಕಡೆಗೆ ಪತ್ರಿಕೆಯಲ್ಲಿ ‘ವಯೋವೃದ್ಧೆ’ ಎಂದಷ್ಟೇ ಅಚ್ಚಾಯಿತು. ಸಮಾರಾಧನೆಯ ದಿನ ಮೂರು ತಾಲೂಕುಗಳಿಂದ ಬಂದ ನೆಂಟರು ಎಲೆಯ ಮುಂದೆ ಕುಳಿತಿದ್ದಾಗ, ಆಕೆಯ ಕೈಯ ಕೊನೆಯ ಭರಣಿಯನ್ನೇ ಇಂದು ಬಡಿಸೋಣವೆಂದು ಯಾರೋ ಸೂಚಿಸಿದರು. ದೊಡ್ಡಪ್ಪ ಮೆತ್ತಿನ ಏಣಿಯನ್ನು ಎರಡು ಮೆಟ್ಟಿಲು ಹತ್ತಿ, ನಿಂತು, ಇಳಿದು ಬಂದರು. ಅದರ ಹಿಂದಿನ ವರ್ಷದ ಭರಣಿಯಲ್ಲಿ ಇನ್ನೂ ಅರ್ಧ ಉಳಿದಿತ್ತು.