ಇನ್ನೊಂದು ಮೈಸೂರಿಗೆ ದಾರಿ ಯಾವುದು?

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಸುತ್ತು ಹಾಕುವ ನಿವೃತ್ತರಿಗೆ ಗೊತ್ತಿಲ್ಲದ ವಿಷಯವಿಲ್ಲ. ಸಕ್ಕರೆ ಕಾಯಿಲೆ, ಪಿಂಚಣಿ, ಅಮೆರಿಕದ ಚುನಾವಣೆ ಎಲ್ಲವೂ ಒಂದು ಸುತ್ತು ಮುಗಿಯುವುದರೊಳಗೆ ಅಲ್ಲಿ ತೀರ್ಮಾನವಾಗುತ್ತವೆ. ಈಚೆಗೆ ಈ ಪಟ್ಟಿಗೆ ಕ್ವಾಂಟಮ್ ಭೌತವಿಜ್ಞಾನವೂ ಸೇರಿದೆ. ಪಕ್ಕದ ಮಾನಸಗಂಗೋತ್ರಿಯಿಂದ ಬೀಸಿದ ಗಾಳಿಯಲ್ಲ, ಮೊಮ್ಮಕ್ಕಳು ಹಾಕಿಕೊಟ್ಟ ಯೂಟ್ಯೂಬಿನ ಪ್ರಭಾವ.

“ಅಲ್ಲಾ ಸ್ವಾಮಿ, ನಮ್ಮಂಥದ್ದೇ ಬೇರೆ ಲೋಕಗಳು ಇವೆಯಂತಲ್ಲ? ಅಲ್ಲಿ ನಾನು ಸರಸ್ವತಿಪುರಂ ಸೈಟು ಮಾರದೆ ಉಳಿಸ್ಕೊಂಡಿರ್ತೀನಾ?” ಎಂದು ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ನನ್ನನ್ನು ತಡೆದು ಕೇಳಿದರು. ಸಮಾಂತರ ವಿಶ್ವದ ವಿಚಾರ ಎತ್ತುವವರ ಮನಸ್ಸಿನಲ್ಲೆಲ್ಲ ಇಂಥದೊಂದು ಸೈಟು ಇದ್ದೇ ಇರುತ್ತದೆ. ಕೆಲವರಿಗೆ ಅದು ಕೈತಪ್ಪಿದ ಮೆಡಿಕಲ್ ಸೀಟು, ಕೆಲವರಿಗೆ ಜಾತಕ ಕೂಡದ ಹುಡುಗಿ. ತಾನು ಇನ್ನೂ ದುರ್ಗತಿಯಲ್ಲಿರುವ ಲೋಕ ಎಲ್ಲಿದೆ ಎಂದು ವಿಚಾರಿಸಿದವರನ್ನು ನಾನು ಕಂಡಿಲ್ಲ.

ಈ ರಗಳೆಗೆಲ್ಲ ಮೂಲಪುರುಷ ಹ್ಯೂ ಎವರೆಟ್ ಎಂಬ ಅಮೆರಿಕದ ಹುಡುಗ. 1954ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಓದುತ್ತಿದ್ದಾಗ, ಗೆಳೆಯರ ಜೊತೆ ಒಂದೆರಡು ಗುಟುಕು ಶೆರ್ರಿ ಇಳಿದ ಮೇಲೆ ಇದು ಹೊಳೆಯಿತೆಂದು ಆತನೇ ಹೇಳಿಕೊಂಡಿದ್ದಾನೆ. (ನಮ್ಮ ಫಿಲ್ಟರ್ ಕಾಫಿ ಕುಡಿದವರಿಗೆ ಇರುವ ಒಂದು ಲೋಕದ ಚಿಂತೆಯೇ ಸಾಕಾಗಿರುತ್ತದೆ.) ಕ್ವಾಂಟಮ್ ಸಮೀಕರಣವನ್ನು ನಂಬುವುದಾದರೆ ಒಂದು ಎಲೆಕ್ಟ್ರಾನು ಅಲ್ಲೂ ಇಲ್ಲೂ ಒಟ್ಟಿಗೇ ಇರಬಲ್ಲದು; ಅಳೆಯಲು ಹೋದರೆ ಮಾತ್ರ ಒಂದೇ ಕಡೆ ಸಿಗುತ್ತದೆ. ಹಾಗಾದರೆ ಇನ್ನೊಂದು ಸಾಧ್ಯತೆ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ, ಅದೂ ಇದೆ, ಅದನ್ನು ಕಂಡ ಇನ್ನೊಬ್ಬ ನೀವೂ ಇದ್ದೀರಿ ಎಂದ ಎವರೆಟ್. ಪ್ರಬಂಧ ಅಚ್ಚಾದದ್ದು 1957ರಲ್ಲಿ. 1959ರಲ್ಲಿ ಕೋಪನ್‌ಹೇಗನ್ನಿಗೆ ಹೋಗಿ ನೀಲ್ಸ್ ಬೋರ್ ಅವರನ್ನು ಕಂಡರೂ ಹಿರಿಯರು ಒಪ್ಪಲಿಲ್ಲ. ಅಷ್ಟರಲ್ಲಿ ಹುಡುಗ ಪೆಂಟಗನ್ನಿನಲ್ಲಿ ಅಣ್ವಸ್ತ್ರಗಳ ಲೆಕ್ಕ ಹಾಕುವ ಕೆಲಸಕ್ಕೆ ಸೇರಿಯಾಗಿತ್ತು. 1970ರಲ್ಲಿ ಬ್ರೈಸ್ ಡಿವಿಟ್ ಬರೆದ ಲೇಖನದಿಂದ ಅವನ ಲೋಕಗಳಿಗೆ ಹೆಸರು ಬಂತು. 1982ರಲ್ಲಿ, 51ನೆಯ ವಯಸ್ಸಿಗೇ, ಎವರೆಟ್ ತೀರಿಕೊಂಡ. ಈ ಲೋಕದಲ್ಲಿ.

ಲೋಕಗಳು ನಿಜವೇ? ಅಣುವೊಂದು ಎರಡು ದಾರಿಯಲ್ಲೂ ಹಾಯುತ್ತದೆ ಎಂಬುದನ್ನಂತೂ ಪ್ರಯೋಗಗಳು ತೋರಿಸಿವೆ. ವಿಯೆನ್ನಾದವರು 1999ರಲ್ಲಿ 60 ಕಾರ್ಬನ್ ಪರಮಾಣುಗಳ ಅಣುವಿನಲ್ಲಿ ಇದನ್ನು ಕಂಡರು, 2019ರ ಹೊತ್ತಿಗೆ ಸುಮಾರು 2000 ಪರಮಾಣುಗಳಿದ್ದ ಅಣುಗಳಲ್ಲೂ ಕಂಡರು. ಆದರೆ ನಿವೃತ್ತ ಅಧಿಕಾರಿಗಳಷ್ಟು ದೊಡ್ಡ ವಸ್ತುವಿನ ಮಾತೇ ಬೇರೆ. ಗಾಳಿ, ಬೆಳಕು, ಶಾಖ ಸದಾ ಮೈಗೆ ತಾಗುತ್ತಾ ನಮ್ಮ ಸುದ್ದಿಯನ್ನು ಊರೆಲ್ಲ ಹರಡುತ್ತಿರುತ್ತವೆ. ಒಗ್ಗರಣೆಯ ಘಮ ಬೀದಿಗೆಲ್ಲ ಹಬ್ಬಿದ ಮೇಲೆ ಅದನ್ನು ಬಾಣಲೆಗೆ ವಾಪಸು ಕರೆಯುವುದುಂಟೆ? ಹಾಗೆ ಒಮ್ಮೆ ಕವಲೊಡೆದ ಎರಡು ಲೋಕಗಳು ಮತ್ತೆ ಕೂಡುವುದಿಲ್ಲ. ಇದ್ದರೂ ಇರಬಹುದು, ಹೋಗಲಂತೂ ಆಗದು. ಇದು ನನ್ನ ತೀರ್ಪು. ಎವರೆಟ್‌ನ ಪಕ್ಷದವರೂ ಹೋಗಿಬರುವ ಭರವಸೆಯನ್ನೇನೂ ಕೊಡುವುದಿಲ್ಲ.

ಇಷ್ಟು ಹೇಳಿದ್ದಕ್ಕೇ ಅಧಿಕಾರಿಗಳ ಮುಖ ಸಣ್ಣದಾಯಿತು. ಸೈಟು ಮಾರುವ ನಿರ್ಧಾರಕ್ಕೆಲ್ಲ ವಿಶ್ವ ಕವಲೊಡೆಯುವುದಿಲ್ಲ, ಅದಕ್ಕೆ ಪರಮಾಣು ಮಟ್ಟದ ಆಕಸ್ಮಿಕವೇ ಬೇಕು, ನೀವು ಮಾರಿದ್ದು ಭಾವಮೈದುನನ ಮಾತು ಕೇಳಿ ಎಂಬ ಇನ್ನೊಂದು ವಿವರವನ್ನು ನಾನು ನುಂಗಿಕೊಂಡೆ.

ಅವರನ್ನು ಸಮಾಧಾನಪಡಿಸಲು ನೆನಪಿಗೆ ಬಂದದ್ದು ನಮ್ಮ ಯಾದವಗಿರಿಯ ಕಾದಂಬರಿಕಾರ ಆರ್. ಕೆ. ನಾರಾಯಣ್. ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು, ಮಹಾರಾಜ ಕಾಲೇಜಿನಲ್ಲಿ ಹೇಗೋ ಬಿ.ಎ. ಮುಗಿಸಿ, ಶಾಲೆಯೊಂದರಲ್ಲಿ ಮೇಷ್ಟ್ರಾದರು. ಡ್ರಿಲ್ ಮೇಷ್ಟ್ರ ಬದಲಿಗೆ ನೀವೇ ಡ್ರಿಲ್ ಮಾಡಿಸಿ ಎಂದು ಹೆಡ್‌ಮಾಸ್ಟರು ಹೇಳಿದ್ದೇ ತಡ, ಕೆಲಸ ಬಿಟ್ಟುಬಂದರು. ಯಾವುದೋ ಲೋಕದಲ್ಲಿ ಅವರು ತೆಪ್ಪಗೆ ಪೀಪಿ ಊದಿ, ‘ಎಡ, ಬಲ’ ಎಂದು ಕೂಗಿ, ಪಿಂಚಣಿ ತೆಗೆದುಕೊಂಡು ಇದೇ ಏರಿಯ ಮೇಲೆ ಸುತ್ತು ಹಾಕಿರಬೇಕು. ಆ ಲೋಕದಲ್ಲಿ ಮಾಲ್ಗುಡಿ ಇಲ್ಲ.

ಇಲ್ಲಿ ಇದೆ. ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನ ಬರೆಯಲು ಕೂತ ಮೊಮ್ಮಗನ ಕಣ್ಣಿಗೆ ಮೊದಲು ಬಂದದ್ದೇ ಆ ಊರಿನ ಪುಟ್ಟ ರೈಲು ನಿಲ್ದಾಣ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪುಸ್ತಕವಾಗಿ ಬಂದದ್ದು 1935ರಲ್ಲಿ. ಡಬ್ಬಿಯೊಳಗೆ ಸತ್ತೂ ಬದುಕಿಯೂ ಇರುವ ಬೆಕ್ಕನ್ನು ಶ್ರೋಡಿಂಗರ್ ಹೊರಬಿಟ್ಟದ್ದೂ ಅದೇ ವರ್ಷ. ಬೆಕ್ಕಿನ ಗತಿ ಇನ್ನೂ ಇತ್ಯರ್ಥವಾಗಿಲ್ಲ. ಸ್ವಾಮಿ ಮಾತ್ರ ಟಿ.ವಿ. ಧಾರಾವಾಹಿ ಮಾಡಿದ ಶಂಕರ್ ನಾಗ್ ಕೈಹಿಡಿದು ಆಗುಂಬೆಯ ಬೀದಿಗಿಳಿದ, ಅರಸಾಳಿನ ನಿಲ್ದಾಣದಲ್ಲಿ ರೈಲು ಕಂಡ. ಧಾರಾವಾಹಿ ಮುಗಿದು ಮೂರು ದಶಕ ದಾಟಿದ ಮೇಲೆ ರೈಲ್ವೆಯವರು ಅರಸಾಳಿನ ಆ ಹಳೆಯ ಕಟ್ಟಡವನ್ನು ರಿಪೇರಿ ಮಾಡಿ ‘ಮಾಲ್ಗುಡಿ ಮ್ಯೂಸಿಯಂ’ ಎಂದು ಬೋರ್ಡು ಹಾಕಿದ್ದಾರೆ. ಇಲ್ಲದ ಊರಿಗೆ ಸರ್ಕಾರಿ ವಿಳಾಸ!

ಅಧಿಕಾರಿಗಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರೈಲು ಶಿವಮೊಗ್ಗ ದಾಟಿ ಅರಸಾಳಿನ ಮೇಲೆಯೇ ಹಾದುಹೋಗುತ್ತದೆ. ಅಲ್ಲಿ ನಿಲ್ಲುತ್ತದೆಯೇ ಎಂದು ಕೌಂಟರಿನಲ್ಲಿ ಕೇಳಿಕೊಂಡು ಹತ್ತಿ.