ಬರೀ ಒಂದು ಗಂಟೆ

ಅಜ್ಜಂದಿರ ಕಾಲದಲ್ಲಿ ದೂರವನ್ನು ನಡೆಯುವವನೇ ಅಳೆಯುತ್ತಿದ್ದ. ‘ಒಂದು ಎಲೆಯಡಿಕೆ ಹಾಕೋವಷ್ಟು ದೂರ’, ‘ಎರಡು ಬೀಡಿ ದಾರಿ’, ‘ಇಲ್ಲೇ, ಕೂಗಳತೆ’. ಲೆಕ್ಕ ತಪ್ಪಿದರೆ ನೋಯುತ್ತಿದ್ದದ್ದು ಅಳೆದವನದೇ ಕಾಲು. ಈಗ ದೂರವನ್ನು ಮಾರುವವನು ಅಳೆಯುತ್ತಾನೆ. ಚಿಕ್ಕಬಳ್ಳಾಪುರದ ಸುತ್ತ ಲೇಔಟಿನ ಬೋರ್ಡುಗಳನ್ನು ನೋಡಿ: ಏರ್‌ಪೋರ್ಟಿಗೆ ‘ಕೇವಲ’ ಇಷ್ಟು ನಿಮಿಷ. ಸೈಟು ಗೌರಿಬಿದನೂರಿನತ್ತ ಸರಿದಂತೆ ನಿಮಿಷ ಹೆಚ್ಚುವುದಿಲ್ಲ, ‘ಕೇವಲ’ದ ಅಕ್ಷರ ದಪ್ಪಗಾಗುತ್ತದೆ.

2007ರಲ್ಲಿ ಕೋಲಾರದಿಂದ ಬಿಡಿಸಿಕೊಂಡು ನಾವು ಜಿಲ್ಲೆಯಾದೆವು. 2008ರ ಮೇ ತಿಂಗಳಲ್ಲಿ ಪಕ್ಕದ ದೇವನಹಳ್ಳಿಗೆ ವಿಮಾನ ಬಂತು. ಅಂದಿನಿಂದ ವಿಮಾನದ ಕೂಗು ನಮಗೆ ಕೇಳುತ್ತಿದೆ, ನಮ್ಮ ಕೂಗು ಅತ್ತ ಮುಟ್ಟಿಲ್ಲ. 2021ರ ಜನವರಿಯಲ್ಲಿ ಚಿಕ್ಕಬಳ್ಳಾಪುರದ ರೈಲು ಹಾದಿಯಲ್ಲೇ ಏರ್‌ಪೋರ್ಟ್ ಹಾಲ್ಟ್ ಆಯಿತು. ರೈಲುಗಳು ಬೆರಳೆಣಿಕೆ. ಇಳಿದರೆ ಟರ್ಮಿನಲ್ಲಿಗೆ ಮತ್ತೊಂದು ಬಸ್ಸು.

ಚಿಂತಾಮಣಿ ಕಡೆಯ ನಮ್ಮ ದೊಡ್ಡಪ್ಪ ರೇಷ್ಮೆ ಬೆಳೆಗಾರರು. ಶಿವಮೊಗ್ಗದ ಅಳಿಯನ ಗೃಹಪ್ರವೇಶಕ್ಕೆ ಹೊರಟರು. ಅಲ್ಲಿ 2023ರಲ್ಲಿ ತಾವರೆಯಾಕಾರದ ವಿಮಾನ ನಿಲ್ದಾಣ ಆಗಿದೆಯಲ್ಲ! ದೇವನಹಳ್ಳಿಯಿಂದ ನೇರ ಗೆರೆ ಎಳೆದರೆ ಸುಮಾರು 240 ಕಿಲೋಮೀಟರ್. ಅಳಿಯ ಟಿಕೆಟ್ ಕಳಿಸಿದ: “ಮಾವ, ಬರೀ ಒಂದು ಗಂಟೆ.”

ದೊಡ್ಡಪ್ಪ ಕೋಳಿ ಕೂಗುವ ಮುಂಚೆ ಎದ್ದು 5ರ ಬಸ್ಸು ಹತ್ತಿದರು. ಶಿಡ್ಲಘಟ್ಟ ದಾಟಿ, ದೇವನಹಳ್ಳಿಯಲ್ಲಿ ಇಳಿದು, ಬಸ್ಸು ಬದಲಿಸಿ ಟರ್ಮಿನಲ್ ಸೇರಿದರು. ಎರಡು ಗಂಟೆ ಮುಂಚೆ ಬರಬೇಕೆಂಬ ನಿಯಮ. ಬೆಲ್ಟು ಬಿಚ್ಚಿ ಟ್ರೇಗೆ ಹಾಕಿ, ಜಾರುವ ಪ್ಯಾಂಟನ್ನು ಹಿಡಿದುಕೊಂಡು ನಿಂತರು. ವಿಮಾನ ಹಾರಿತು, ಹೇಳಿದಂತೆಯೇ ಒಂದು ಗಂಟೆ. ಸೋಗಾನೆಯ ನಿಲ್ದಾಣದಲ್ಲಿ ಇಳಿದು ಆಟೋಗೆ ಚೌಕಾಸಿ ಮಾಡಿ ಮನೆ ಮುಟ್ಟುವಾಗ ಹೊತ್ತು ನೆತ್ತಿಗೇರಿತ್ತು. ಹಾಲು ಉಕ್ಕಿಸಿ ಆಗಿತ್ತು. ಎರಡನೇ ಪಂಕ್ತಿಯೂ ಎದ್ದಿತ್ತು.

ಗಾಳಿಯಲ್ಲಿ ಒಂದು ಗಂಟೆ, ನೆಲದಲ್ಲಿ ಆರು. ಆದರೂ ಅಳಿಯ ಸುಳ್ಳು ಹೇಳಿರಲಿಲ್ಲ. ನೆಲದ ಗಂಟೆಗಳನ್ನು ಯಾರೂ ಮಾರುವುದಿಲ್ಲವಾದ್ದರಿಂದ ಯಾರೂ ಅಳೆಯುವುದೂ ಇಲ್ಲ, ಅಷ್ಟೆ.

ಈ ಲೆಕ್ಕ ಹಿಡಿದರೆ ನಮ್ಮ ಜಿಲ್ಲೆಗೆ ಭವಿಷ್ಯವಿದೆ. ಗೌರಿಬಿದನೂರು–ಚಿಂತಾಮಣಿ ನೇರ ಗೆರೆಯಲ್ಲಿ ಸುಮಾರು 60 ಕಿಲೋಮೀಟರ್. ಶಿವಮೊಗ್ಗಕ್ಕೆ ಹಾರುವಂಥ ಪುಟ್ಟ ವಿಮಾನಕ್ಕೆ ಎಂಟು ನಿಮಿಷ ಸಾಕು. ಪ್ರಯಾಣಿಕರು ಎರಡು ಗಂಟೆ ಮುಂಚೆ ಬಂದು ಕೂತರಾಯಿತು. ಅಷ್ಟರಲ್ಲಿ ಬಸ್ಸು ಚಿಕ್ಕಬಳ್ಳಾಪುರದಲ್ಲಿ ಕಾಫಿಗೆ ನಿಂತು ಚಿಂತಾಮಣಿಯ ಹತ್ತಿರ ಬಂದಿರುತ್ತದೆ. ಮುಂದಿನ ಚುನಾವಣೆಗೆ ಇದನ್ನು ಯಾರಾದರೂ ಘೋಷಿಸದಿದ್ದರೆ ಕೇಳಿ.

ಊಟ ಮುಗಿಸಿ ಎಲೆಯಡಿಕೆ ಮೆಲ್ಲುತ್ತಿದ್ದ ದೊಡ್ಡಪ್ಪನನ್ನು ಅಳಿಯ ವಿಚಾರಿಸಿದ: “ವಾಪಸ್ಸಿಗೂ ವಿಮಾನವೇ ಮಾಡಿಸಲಾ ಮಾವ?”

“ಬೇಡ ಅಳಿಯಂದ್ರೆ, ರೈಲಿಗೆ ಮಾಡಿಸಿ. ಗೂಡು ತೂತು ಮಾಡಿಕೊಂಡು ಚಿಟ್ಟೆ ಹಾರಿದರೆ ನಮ್ಮ ಮಾರ್ಕೆಟ್ಟಿನಲ್ಲಿ ಆ ಗೂಡನ್ನು ಯಾರೂ ಮುಟ್ಟಲ್ಲ. ಹಾರೋ ವ್ಯಾಪಾರದಲ್ಲಿ ನಮ್ಮ ಕಡೆಯೋರಿಗೆ ಯಾವತ್ತೂ ನಷ್ಟವೇ.”